ಹಿಪ್ ರಿಪ್ಲೇಸ್‌ಮೆಂಟ್ ಆದಮೇಲೆ ರಾತ್ರಿ ನೋವು, ನಿದ್ದೆ ಇಲ್ಲ: ಏನು ಮಾಡಬಹುದು?

ನೀವು ಬರೆದಿರುವುದು ಇಷ್ಟು: ಮಂಡ್ಯದಲ್ಲಿರುವ ನಿಮ್ಮ ಅಮ್ಮನಿಗೆ 64 ವರ್ಷ. ಬಲಗಡೆ ಸೊಂಟದ ಕೀಲು ಬದಲಿಸಿ 16 ದಿನ ಆಗಿದೆ, ಹೊಲಿಗೆ ಬಿಚ್ಚಿದ್ದಾರೆ. ಹಗಲು ವಾಕರ್ ಹಿಡಿದು ಚೆನ್ನಾಗಿಯೇ ಓಡಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬಲತೊಡೆ, ಹಿಂಬದಿ, ಎಡಮಂಡಿ ಎಲ್ಲ ನೋಯುತ್ತದೆ ಎಂದು ಬೆಳಗಿನವರೆಗೆ ಒದ್ದಾಡುತ್ತಾರೆ. ಅಂಗಾತ ಮಲಗಿ ಮಲಗಿ ಬೆನ್ನು ಹಿಡಿದುಕೊಂಡಿದೆ. ಅಜ್ಜಿ ಬಿಸಿ ಎಣ್ಣೆ ಹಚ್ಚಿ ನೀವಿಸಿ ಅನ್ನುತ್ತಿದ್ದಾರೆ, ಮಾಡಬಹುದಾ?

ಮೈಸೂರಿನಲ್ಲಿ ಫಿಸಿಯೋಥೆರಪಿ ನನ್ನ ಕೆಲಸ. ಎಣ್ಣೆಯ ಮಾತನ್ನೇ ಮೊದಲು ಮುಗಿಸುತ್ತೇನೆ: ಬೇಡ. ಅಜ್ಜಿಯ ಕಾಳಜಿ ದೊಡ್ಡದು, ಆದರೆ ಈಗ ಆ ಕಾಲನ್ನು ನೀವಬಾರದು. ಗಾಯ ಹೊರಗೆ ಒಣಗಿದ್ದರೂ ಒಳಗಿನ ಪದರ ಇನ್ನೂ ಕೂಡುತ್ತಿರುತ್ತದೆ, ಎಣ್ಣೆಯಿಂದ ಸೋಂಕಿನ ಭಯ ಇದೆ. ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಒತ್ತಿ ನೀವಿದಾಗ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನೀವುವವರು ಕಾಲನ್ನು ಎತ್ತಿ ಒಳಕ್ಕೆ ತಿರುಗಿಸಿದರೆ ಹೊಸ ಕೀಲು ಜಾರಬಹುದು. ಬಿಸಿನೀರಿನ ಶಾಖವೂ ಈಗ ಬೇಡ, ಊತ ಹೆಚ್ಚುತ್ತದೆ. ಅಜ್ಜಿಗೆ ಸಮಾಧಾನವಾಗಬೇಕಾದರೆ ಹೆಗಲು, ಕತ್ತು, ಅಂಗೈಗೆ ಹಗುರವಾಗಿ ಎಣ್ಣೆ ಹಚ್ಚಲಿ.

ಇನ್ನು ಎರಡು ಗಂಟೆಯ ಎಚ್ಚರ. ಕೊನೆಯ ನೋವಿನ ಮಾತ್ರೆಯನ್ನು ರಾತ್ರಿ ಎಂಟಕ್ಕೆ ಊಟದ ಜೊತೆ ಕೊಡುತ್ತಿದ್ದೀರಾ ನೋಡಿ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಎಂಟಕ್ಕೆ ನುಂಗಿದ್ದು ಎರಡರ ಹೊತ್ತಿಗೆ ಇಳಿದಿರುತ್ತದೆ, ನೋವು ಆಗ ಎಬ್ಬಿಸುತ್ತದೆ. ಪ್ಯಾರಾಸಿಟಮಾಲ್ 650 ದಿನಕ್ಕೆ ನಾಲ್ಕು ಎಂದು ಬರೆದುಕೊಟ್ಟಿದ್ದರೆ ರಾತ್ರಿ ಹತ್ತು, ಬೆಳಗಿನ ಜಾವ ನಾಲ್ಕು, ಬೆಳಿಗ್ಗೆ ಹತ್ತೂವರೆ, ಸಂಜೆ ನಾಲ್ಕೂವರೆ ಹೀಗೆ ಹೊತ್ತು ಬದಲಿಸಬಹುದೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ನಾಲ್ಕು ಗಂಟೆಯ ಮಾತ್ರೆ, ಅರ್ಧ ಲೋಟ ನೀರು ಮಲಗುವ ಮುಂಚೆಯೇ ಕೈಗೆಟುಕುವ ಎತ್ತರದಲ್ಲಿರಲಿ, ಅದಕ್ಕಾಗಿ ಬಗ್ಗುವಂತಾಗಬಾರದು. ನೋವು ತಾರಕಕ್ಕೆ ಹೋದಮೇಲೆ ಕೊಟ್ಟರೆ ಹಿಡಿತಕ್ಕೆ ಬರುವುದು ತಡವಾಗುತ್ತದೆ, ಅದಕ್ಕೇ ಹೊತ್ತಿಗೆ ಸರಿಯಾಗಿ ಕೊಡಬೇಕು.

ಮಾತ್ರೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ತಪ್ಪೊಂದಿದೆ. ಈಗಲೇ ಎದ್ದು ಎಲ್ಲ ಸ್ಟ್ರಿಪ್‌ಗಳ ಹಿಂಬದಿಯ ಸಣ್ಣಕ್ಷರ ಓದಿ. ಟ್ರಮಡಾಲ್ (ಜೋರು ನೋವಿಗೆ ಕೊಡುವ ಔಷಧಿ) 37.5 ಮಿಲಿಗ್ರಾಂ ಎಂದಿರುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ 325 ಸೇರಿರುತ್ತದೆ. ಅಸೆಕ್ಲೋಫಿನಾಕ್ (ಇನ್ನೊಂದು ನೋವಿನ ಔಷಧಿ) 100 ಇರುವುದರಲ್ಲೂ ಅನೇಕ ಸಲ ಅದೇ 325 ಇರುತ್ತದೆ. ಹೆಸರು ಮೂರು, ಮೂರರೊಳಗೂ ಪ್ಯಾರಾಸಿಟಮಾಲ್. ಎಲ್ಲ ಕೂಡಿಸಿ ಲೆಕ್ಕ ಹಾಕಿ: ಆರೋಗ್ಯವಂತ ವಯಸ್ಕರಿಗೇ 24 ಗಂಟೆಗೆ 4000 ಮಿಲಿಗ್ರಾಂ ಮೀರಬಾರದು, ಅಮ್ಮ 50 ಕೆ.ಜಿ.ಗಿಂತ ಹಗುರವಿದ್ದರೆ, ಲಿವರ್ ತೊಂದರೆ ಇದ್ದರೆ ಮಿತಿ ಇನ್ನೂ ಕಡಿಮೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆ ಅಥವಾ ಇಂಜೆಕ್ಷನ್ ಸುಮಾರು ಐದು ವಾರ ನಡೆಯುತ್ತದೆ. ಅದರ ಜೊತೆಗೆ ಮೆಡಿಕಲ್ ಸ್ಟೋರಿನವರು ಕೊಟ್ಟ ಬೇರೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ನಿದ್ದೆಗೆಂದು ಪಕ್ಕದ ಮನೆಯವರ ನಿದ್ದೆಮಾತ್ರೆಯಾಗಲಿ, ಅವಿಲ್‌ನಂಥ ಅಲರ್ಜಿ ಮಾತ್ರೆಯಾಗಲಿ ಕೊಡಬೇಡಿ. ಟ್ರಮಡಾಲ್ ಜೊತೆ ಸೇರಿದಾಗ ಮಂಪರು ಅತಿಯಾಗಿ ಉಸಿರಾಟ ನಿಧಾನವಾಗಬಹುದು. ಮಂಪರಿನಲ್ಲಿ ಬಚ್ಚಲಿಗೆ ಎದ್ದು ಬೀಳುವುದು ಇನ್ನೊಂದು ಅಪಾಯ.

ಈಗ ಮಲಗುವ ಭಂಗಿ. ಅದಕ್ಕೂ ಮುಂಚೆ ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಂಗತಿ ನೋಡಿ: ಆಪರೇಷನ್ ಮಾಡಿದ್ದು ಹಿಂಬದಿಯಿಂದಲೋ ಮುಂಬದಿಯಿಂದಲೋ. ಹಿಂಬದಿಯಿಂದಾದರೆ ಮೂರು ಕಟ್ಟುಪಾಡು: ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಬಾರದು, ಆಪರೇಷನ್ ಆದ ಕಾಲು ಮೈಯ ನಡುಗೆರೆ ದಾಟಿ ಇನ್ನೊಂದು ಕಾಲಿನ ಮೇಲೆ ಹೋಗಬಾರದು, ಪಾದ ಒಳಕ್ಕೆ ತಿರುಗಬಾರದು. ಮುಂಬದಿಯಿಂದಾದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಬೇಡ ಅನ್ನುತ್ತಾರೆ. ನಾನು ಮುಂದೆ ಬರೆಯುವುದು ಹಿಂಬದಿಯಿಂದ ಆದವರಿಗೆ. ಎರಡರಲ್ಲೂ ನಿಮ್ಮ ಸರ್ಜನ್ ಹೇಳಿದ್ದೇ ಕೊನೆ ಮಾತು.

ಬೆನ್ನು ಹಿಡಿದುಕೊಂಡಿರುವುದಕ್ಕೆ ಮದ್ದು ಮಗ್ಗುಲು ಬದಲಿಸುವುದೇ. ಸರ್ಜನ್ ಒಪ್ಪಿದರೆ ಎಡ ಮಗ್ಗುಲಿಗೆ, ಅಂದರೆ ಆಪರೇಷನ್ ಆಗದ ಕಡೆಗೆ, ಮಲಗಬಹುದು. ಆಗ ಬಲಗಾಲು ಮೇಲಿರುತ್ತದೆ, ಆಧಾರ ಇಲ್ಲದಿದ್ದರೆ ಮುಂದಕ್ಕೆ ಬಿದ್ದು ನಡುಗೆರೆ ದಾಟುತ್ತದೆ. ಅದಕ್ಕೇ ಕಾಲ ನಡುವೆ ದಿಂಬು. ಬಹಳ ಜನ ಮಂಡಿಗಳ ನಡುವೆ ಒಂದು ದಿಂಬಿಟ್ಟು ಆಯಿತು ಅಂದುಕೊಳ್ಳುತ್ತಾರೆ. ಮಂಡಿ ದಿಂಬಿನ ಮೇಲಿದ್ದು ಪಾದ ಕೆಳಗೆ ಜೋತುಬಿದ್ದರೆ ಆ ಪಾದದ ಭಾರಕ್ಕೆ ಇಡೀ ತೊಡೆ ತಿರುಚುತ್ತದೆ. ಕೀಲಿನ ಸುತ್ತಲ ಸ್ನಾಯುಗಳ ಮೇಲೆ ರಾತ್ರಿಯೆಲ್ಲ ಎಳೆತ. ಬೆಳಿಗ್ಗೆ "ಕುಂಡಿ ಒಳಗೆ ಸೆಳೆಯುತ್ತೆ" ಅನ್ನುವುದು ಎಷ್ಟೋ ಸಲ ಇದರಿಂದಲೇ. ಒಳತೊಡೆಯಿಂದ ಪಾದದವರೆಗೆ ಆಧಾರ ಬೇಕು. ಗಟ್ಟಿಯಾದ ಎರಡು ದಿಂಬನ್ನು ಉದ್ದಕ್ಕೆ ಒಂದರ ಮುಂದೊಂದು ಇಡಿ, ಅಥವಾ ದಪ್ಪ ಕಂಬಳಿಯನ್ನು ಉದ್ದಕ್ಕೆ ಸುತ್ತಿ ಹಳೇ ಪಂಚೆಯಲ್ಲಿ ಬಿಗಿಯಾಗಿ ಕಟ್ಟಿ. ಬೂರುಗದ ಹತ್ತಿಯ ಮೆತ್ತನೆ ದಿಂಬು ಬೇಡ, ಅರ್ಧರಾತ್ರಿಗೆ ಚಪ್ಪಟೆಯಾಗಿರುತ್ತದೆ. ದಪ್ಪ ಎಷ್ಟಿರಬೇಕು ಅಂದರೆ, ಮೇಲಿನ ಕಾಲು ಹಾಸಿಗೆಗೆ ಸಮಾನಾಂತರವಾಗಿ, ತೊಡೆ, ಮಂಡಿ, ಕಾಲ್ಗಿಣ್ಣು ಮೂರೂ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಬೆನ್ನ ಹಿಂದೆ ಇನ್ನೊಂದು ದಿಂಬು ಒತ್ತಿಡಿ, ಹಿಂದಕ್ಕೆ ಉರುಳುವ ಭಯ ಹೋದರೆ ಮೈ ತಾನಾಗಿ ಸಡಿಲವಾಗುತ್ತದೆ.

ಹೊರಳಿಸುವಾಗ ಅಂಗಾತ ಇರುವಾಗಲೇ ದಿಂಬು ಕಾಲ ನಡುವೆ ಇಡಿ. ಎಡಮಂಡಿ ಸ್ವಲ್ಪ ಮಡಚಲಿ. ನೀವು ಎಡಗಡೆ ನಿಂತು ಒಂದು ಕೈ ಅವರ ಬಲಮಂಡಿಯ ಕೆಳಗೆ, ಇನ್ನೊಂದು ಕೈ ಹಿಮ್ಮಡಿಯ ಕೆಳಗೆ ಹಾಕಿ. ಒಂದು, ಎರಡು, ಮೂರು ಎಂದು ಎಣಿಸಿ ಹೆಗಲು, ಸೊಂಟ, ಕಾಲು ಒಟ್ಟಿಗೆ, ಮರದ ದಿಮ್ಮಿ ಉರುಳಿದ ಹಾಗೆ ತಿರುಗಬೇಕು. ಮೊದಲು ಹೆಗಲು ತಿರುಗಿ ಆಮೇಲೆ ಸೊಂಟ ಬಂದರೆ ಕೀಲು ತಿರುಚುತ್ತದೆ. ಆಪರೇಷನ್ ಆದ ಮಗ್ಗುಲಿಗೆ ಸಾಮಾನ್ಯವಾಗಿ ಆರು ವಾರದವರೆಗೆ ಬೇಡ. ಬೋರಲು ಮಲಗುವುದೂ ಸದ್ಯಕ್ಕೆ ಬೇಡ.

ಅಂಗಾತ ಮಲಗಿದಾಗ ಮಂಡಿ ಕೆಳಗೆ ದಿಂಬು ಇಡುವ ಆಸೆ ಆಗುತ್ತದೆ. ಹತ್ತು ಹದಿನೈದು ನಿಮಿಷ ಬೆನ್ನಿಗೆ ಆರಾಮ ಕೊಡಲು ಪರವಾಗಿಲ್ಲ, ರಾತ್ರಿಯಿಡೀ ಬೇಡ. ಸೊಂಟ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡರೆ ಬೆಳಿಗ್ಗೆ ನೆಟ್ಟಗೆ ನಿಲ್ಲುವಾಗ ತೊಡೆಸಂದಿನಲ್ಲಿ ಸೆಳೆತ ಬರುತ್ತದೆ. ಬದಲಿಗೆ ಮೀನಖಂಡದ ಕೆಳಭಾಗಕ್ಕೆ ಟವೆಲ್ ಮಡಿಸಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಅಂಗಾತ ಮಲಗುವವರ ಹಿಮ್ಮಡಿಯಲ್ಲಿ ಒತ್ತುಹುಣ್ಣು ಆಗುವುದುಂಟು. ಸಕ್ಕರೆ ಕಾಯಿಲೆ ಇದ್ದರಂತೂ ದಿನಾ ಬೆಳಿಗ್ಗೆ ಅಲ್ಲಿ ಕೆಂಪಾಗಿದೆಯಾ ನೋಡಲೇಬೇಕು.

ಮಂಚದ ಎತ್ತರವನ್ನು ಅಳೆಯಿರಿ. ಅಮ್ಮ ಅಂಚಿನಲ್ಲಿ ಕೂತಾಗ ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗಿನ ಅಳತೆಗೆ ಎರಡು ಇಂಚು ಸೇರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಹಾಸಿಗೆ ಒತ್ತಿ ಇಳಿದಮೇಲಿನ ಎತ್ತರ ಲೆಕ್ಕಕ್ಕೆ, ಆದ್ದರಿಂದ ಹಳ್ಳ ಬಿದ್ದ ಹತ್ತಿ ಹಾಸಿಗೆಗಿಂತ ತೆಂಗಿನ ನಾರಿನದು ಮೇಲು. ಮಂಚ ತಗ್ಗಿದ್ದರೆ ಕಾಲುಗಳ ಕೆಳಗೆ ಇಟ್ಟಿಗೆ ಇಡಬೇಡಿ, ಜಾರುತ್ತದೆ. ಗುಳಿ ತೋಡಿದ ಮರದ ತುಂಡು ನಾಲ್ಕು ಬಡಗಿಯಿಂದ ಮಾಡಿಸಿ. ನೆಲದ ಮೇಲೆ ಚಾಪೆ, ನೆಲದ ಮೇಲೆ ಊಟ ಸದ್ಯಕ್ಕೆ ಇಲ್ಲವೇ ಇಲ್ಲ.

ಎಡಮಂಡಿ ನೋವಿಗೂ ಈ ಎತ್ತರಕ್ಕೂ ನೇರ ಸಂಬಂಧ ಇದೆ. ತಗ್ಗು ಕುರ್ಚಿಯಿಂದ ಏಳುವಾಗ ಬಲಗಾಲಿಗೆ ನೋವಾಗದಿರಲೆಂದು ಮೈಭಾರವೆಲ್ಲ ಎಡಮಂಡಿಯ ಮೇಲೆ ಹೋಗುತ್ತದೆ, ದಿನಕ್ಕೆ ಇಪ್ಪತ್ತು ಮೂವತ್ತು ಸಲ. ಹಗಲು ಗೊತ್ತಾಗುವುದಿಲ್ಲ, ರಾತ್ರಿ ಆ ಮಂಡಿ ದೂರು ಹೇಳುತ್ತದೆ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಎರಡನ್ನು ಒಂದರೊಳಗೊಂದು ಇಟ್ಟರೆ ಎತ್ತರವೂ ಸಿಗುತ್ತದೆ, ಗಟ್ಟಿಯೂ ಆಗುತ್ತದೆ. ಟಾಯ್ಲೆಟ್‌ಗೆ ಕಮೋಡ್ ಚೇರ್ ಅಥವಾ ಕಮೋಡಿನ ಮೇಲೆ ಕೂರಿಸುವ ಎತ್ತರದ ಸೀಟು ಬೇಕು, ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ವಾಕರ್ ಎತ್ತರವನ್ನೂ ನೋಡಿ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಒಂದೆರಡು ತೂತು ಕೆಳಗಿದ್ದರೂ ಬಗ್ಗಿ ನಡೆಯುತ್ತಾರೆ, ರಾತ್ರಿ ಬೆನ್ನು ಹಿಡಿಯುತ್ತದೆ.

ಹಗಲು ಚೆನ್ನಾಗಿ ನಡೆಯುತ್ತಾರೆ ಅಂದಿರಲ್ಲ, ನನಗೆ ಅಲ್ಲೇ ಅನುಮಾನ. ನೆಂಟರು ಬಂದರು ಎಂದು ಎರಡು ಗಂಟೆ ಕುರ್ಚಿಯಲ್ಲಿ ಕೂತು, ಸಂಜೆ ಒಂದೇ ಸಲ ಅರ್ಧ ಗಂಟೆ ನಡೆದರೆ ನೀರೆಲ್ಲ ಕಾಲಿಗಿಳಿದು ತೊಡೆ ಬಿಗಿಯಾಗುತ್ತದೆ. ಐದರಿಂದ ಹತ್ತು ನಿಮಿಷದ ನಡಿಗೆ ದಿನಕ್ಕೆ ಐದು ಸಲ ಮಾಡಲಿ. ಒಂದೇ ಸಮ ಕೂರುವುದು 30–40 ನಿಮಿಷ ಮೀರದಿರಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ 20 ನಿಮಿಷ ಅಂಗಾತ ಮಲಗಿ, ತೊಡೆಯಿಂದ ಹಿಮ್ಮಡಿವರೆಗೆ ಉದ್ದಕ್ಕೆ ಎರಡು ದಿಂಬು ಕೊಟ್ಟು ಪಾದ ಎದೆಗಿಂತ ಮೇಲಿರುವಂತೆ ಮಾಡಿ. ಅದೇ ಹೊತ್ತಿನಲ್ಲಿ ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಲಿ, ಕುಂಡಿಯ ಸ್ನಾಯು ಬಿಗಿಹಿಡಿದು ಐದು ಎಣಿಸಿ ಬಿಡುವುದನ್ನು 10 ಸಲ ಮಾಡಲಿ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಒಣ ಟವೆಲ್ ಸುತ್ತಿ, ತೊಡೆಯ ಹೊರಭಾಗಕ್ಕೆ 15 ನಿಮಿಷ ಇಡಿ; ಮಲಗುವ ಮುಂಚಿನ ಸಲ ತಪ್ಪಿಸಬೇಡಿ. ಗಾಯದ ಸುತ್ತ ಚರ್ಮ ಮರಗಟ್ಟಿರುವುದು ಸಹಜ, ತಣ್ಣಗಾದದ್ದು ಗೊತ್ತಾಗದೆ ಚರ್ಮ ಸುಡಬಹುದು, ಗಡಿಯಾರ ನೋಡಿಯೇ ತೆಗೆಯಿರಿ. ವ್ಯಾಯಾಮದ ಪ್ರಮಾಣಕ್ಕೆ ಒಂದು ಅಳತೆ: ಹೆಚ್ಚಾದ ನೋವು ಎರಡು ಗಂಟೆಯೊಳಗೆ ಇಳಿಯದಿದ್ದರೆ ಮಾರನೇ ದಿನ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ.

ಮಧ್ಯಾಹ್ನದ ನಿದ್ದೆ ಮೂರು ಗಂಟೆಗೆ ಮುಂಚೆ ಅರ್ಧ ಗಂಟೆ ಸಾಕು. ಆಮೇಲೆ ಕಾಫಿ ಬೇಡ. ನಮ್ಮ ಕಡೆ ಸಂಜೆ ಐದರ ಫಿಲ್ಟರ್ ಕಾಫಿ ಬಿಡಿಸುವುದು ಕಷ್ಟ ಅಂತ ಗೊತ್ತು, ಒಂದು ತಿಂಗಳ ಮಟ್ಟಿಗೆ ಹಾಲು ಕೊಡಿ. ನೀರನ್ನು ಸಂಜೆ ಏಳರೊಳಗೆ ಹೆಚ್ಚು ಕುಡಿಸಿ, ರಾತ್ರಿ ಎದ್ದು ಹೋಗುವುದು ಕಡಿಮೆಯಾಗುತ್ತದೆ. ಟ್ರಮಡಾಲ್‌ನಿಂದ ಮಲಬದ್ಧತೆ ಖಂಡಿತ ಬರುತ್ತದೆ ಅಂದುಕೊಂಡೇ ಮುದ್ದೆ, ಬಸ್ಸಾರು, ಹಣ್ಣು ಕೊಡಿ; ಹೊಟ್ಟೆ ಬಿಗಿದರೂ ನಿದ್ದೆ ಬಾರದು, ಟಾಯ್ಲೆಟ್‌ನಲ್ಲಿ ತಿಣುಕುವಾಗ ಮುಂದಕ್ಕೆ ಬಗ್ಗುತ್ತಾರೆ. ರಕ್ತ ತೆಳುಮಾಡುವ ಮಾತ್ರೆ ವಾರ್ಫರಿನ್ ಆಗಿದ್ದರೆ ಮಾತ್ರ ಸೊಪ್ಪು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗದೆ ಒಂದೇ ಪ್ರಮಾಣದಲ್ಲಿರಲಿ.

ಎರಡು ಗಂಟೆಗೆ ಎಚ್ಚರವಾದರೆ ಒದ್ದಾಡುತ್ತಾ ಮಲಗಿಸಬೇಡಿ. ಎಬ್ಬಿಸಿ, ವಾಕರ್ ಹಿಡಿದು ಮನೆಯೊಳಗೇ ಎರಡು ಸುತ್ತು, ಐಸ್ 15 ನಿಮಿಷ, ಆಮೇಲೆ ಇನ್ನೊಂದು ಭಂಗಿಯಲ್ಲಿ ಮಲಗಿಸಿ. ಹೊದಿಕೆ ಕಾಲ ಬಳಿ ಜಾರಿದ್ದರೆ ಅಮ್ಮ ತಾವೇ ಬಗ್ಗಿ ಎಳೆದುಕೊಳ್ಳಬಾರದು. ಮಲಗಿದ್ದಲ್ಲೇ ಸೊಂಟ ಮಡಚಿ ತಿರುಗುವ ಆ ಒಂದು ಎಳೆತದಲ್ಲಿ ಕೀಲು ಜಾರಬಹುದು. ಸೊಳ್ಳೆಪರದೆ ಸಿಕ್ಕಿಸುವುದೂ ನಿಮ್ಮ ಕೆಲಸ. ಬಚ್ಚಲ ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ನೈಟಿ ನೆಲಕ್ಕೆ ತಾಗದಷ್ಟು ಗಿಡ್ಡವಿರಲಿ, ಕಾಲೊರಸುವ ಮ್ಯಾಟ್ ತೆಗೆದಿಡಿ.

ತೊಡೆಯ ಮೇಲಿನ ನೀಲಿ ಬಣ್ಣ ಮಂಡಿ, ಪಾದದವರೆಗೆ ಇಳಿಯುವುದು, ಗಾಯದ ಸುತ್ತ ಸ್ವಲ್ಪ ಬಿಸಿ ಇರುವುದು ಮಾಮೂಲು. ಆದರೆ ಒಂದೇ ಕಾಲಿನ ಮೀನಖಂಡ ಗಟ್ಟಿಯಾಗಿ ಊದಿ ಮುಟ್ಟಿದರೆ ನೋವು, ಗಾಯದಿಂದ ನೀರು ಅಥವಾ ಕೀವು, ಚಳಿಜ್ವರ, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಸರ್ಜನ್ ಹತ್ತಿರ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಅಥವಾ ಏನೋ ಕಳಚಿದಂತಾಗಿ ಕಾಲು ಗಿಡ್ಡವಾಗಿ ತಿರುಗಿಕೊಂಡು ಊರಲಾಗದಿದ್ದರೆ 108ಕ್ಕೆ ಫೋನ್ ಮಾಡಿ. ಕಾಲನ್ನು ನೀವೇ ಎಳೆದು ಸರಿಮಾಡಲು ಹೋಗಬೇಡಿ.

ಚೆಕಪ್‌ಗೆ ಮೈಸೂರಿಗೆ ಬರುವುದಾದರೆ ಆಟೋ, ಬಸ್ಸು ಬೇಡ, ಕಾರಿನ ಮುಂದಿನ ಸೀಟು. ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಒರಗು ಸ್ವಲ್ಪ ಬಾಗಿಸಿ, ಗಟ್ಟಿ ದಿಂಬಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ. ಮೊದಲು ಹಿಂಬದಿ ಕೂರಿಸಿ ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ಚೀಲದ ಮೇಲೆ ಮೈ ಜಾರಿ ತಿರುಗುತ್ತದೆ, ಸೊಂಟ ತಿರುಚುವುದಿಲ್ಲ. ಸುಮಾರು 45 ಕಿ.ಮೀ. ದಾರಿ, ಶ್ರೀರಂಗಪಟ್ಟಣದಲ್ಲಿ ಇಳಿಸಿ ಐದು ನಿಮಿಷ ನಿಲ್ಲಿಸಿ. ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿನಲ್ಲಿ ತನ್ನಿ, ಯಾವ ಹೊತ್ತಿಗೆ ಎಚ್ಚರವಾಯಿತು, ನೋವು ಎಲ್ಲಿತ್ತು ಎಂದು ಒಂದು ವಾರ ಬರೆದಿಟ್ಟ ಚೀಟಿಯೂ ಜೊತೆಗಿರಲಿ.