ಅಜ್ಜಿಯ ಮಾತಿಗೆ ನಾಲ್ಕೇ ಸಾಲು ಯಾಕೆ?

ಶ್ರೀನಿವಾಸಪುರದಿಂದ ಲೇಖನ ಕಳಿಸಿದ ತಂಗಿಗೆ,

ನಮಸ್ಕಾರ. ‘ಬೆಳ್ಳಿತೆರೆಯಲ್ಲಿ ಮುಪ್ಪು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಮೂರನೆಯ ಪುಟದಲ್ಲಿ ನಿಮ್ಮ ಅಜ್ಜಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಲ್ಲ, ಅವನ್ನು ಓದಿದ ಮೇಲೆ ಸುಮ್ಮನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ.

ಮೊದಲು ತಕರಾರು ಹೇಳಿಬಿಡುತ್ತೇನೆ. ಹಿಂದೆ ಕೂಡು ಕುಟುಂಬದಲ್ಲಿ ಹಿರಿಯರಿಗೆ ಮರ್ಯಾದೆ ಇತ್ತು, ಈಗಿನ ಮಕ್ಕಳು ಅವರನ್ನು ಹೊರಗೆ ಹಾಕುತ್ತಿದ್ದಾರೆ, ಸಿನಿಮಾಗಳು ಅದನ್ನೇ ತೋರಿಸುತ್ತಿವೆ ಎನ್ನುತ್ತೀರಿ. ನೀವೇ ಪಟ್ಟಿ ಮಾಡಿದ ಚಿತ್ರಗಳ ಮುಂದೆ ಈ ವಾದ ನಿಲ್ಲುವುದಿಲ್ಲ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ನೋಡಿ. ನಿವೃತ್ತರಾದ ಮೇಷ್ಟ್ರು ಒಬ್ಬ ಮಗನ ಮನೆಗೆ, ಅವರ ಹೆಂಡತಿ ಇನ್ನೊಬ್ಬ ಮಗನ ಮನೆಗೆ. ಮುಪ್ಪಿನಲ್ಲಿ ಗಂಡ ಹೆಂಡತಿಯನ್ನು ಬೇರೆ ಮಾಡುವ ಈ ಹಂಚಿಕೆಯನ್ನು ಕನ್ನಡದ ಪ್ರೇಕ್ಷಕರು 1958ರಲ್ಲೇ ನೋಡಿ ಅತ್ತಿದ್ದರು. ‘ಈ ಕಾಲದ ಮಕ್ಕಳು’ ಎಂದು ನೀವು ಏಳೆಂಟು ಕಡೆ ಬರೆದಿದ್ದೀರಿ. ಅಷ್ಟನ್ನೂ ತೆಗೆಯಿರಿ.

ಮಕ್ಕಳನ್ನು ಖಳರನ್ನಾಗಿ ಮಾಡುವ ಆತುರವನ್ನೂ ಬಿಡಿ. ಜಪಾನಿನ ನಿರ್ದೇಶಕ ಒಜು ಅವರ ‘ಟೋಕಿಯೊ ಸ್ಟೋರಿ’ಯನ್ನು (1953) ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ, ಅದೂ ‘ಸ್ವಾರ್ಥಿ ಮಕ್ಕಳ ಕಥೆ’ ಎಂದು. ಇನ್ನೊಮ್ಮೆ ನೋಡಿ. ಊರಿನಿಂದ ಬಂದ ಅಪ್ಪ ಅಮ್ಮನ ಜೊತೆ ಕೂರಲು ಮಕ್ಕಳಿಗೆ ಪುರುಸೊತ್ತಿಲ್ಲ; ಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ನಡೆಸುವವಳು. ತಾಯಿಯ ಅಂತ್ಯಕ್ರಿಯೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಆ ಮಗಳು ತಾಯಿಯ ಉಡುಪು ತನಗೆ ಬೇಕೆಂದು ಕೇಳುತ್ತಾಳೆ. ಆದರೆ ತಾಯಿ ತೀರಿಕೊಂಡಾಗ ಬಿಕ್ಕಿ ಬಿಕ್ಕಿ ಅತ್ತವಳೂ ಅವಳೇ. ಒಜು ಎರಡನ್ನೂ ತೋರಿಸುತ್ತಾರೆ, ತೀರ್ಪು ಕೊಡುವುದಿಲ್ಲ. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದ ಮಗನನ್ನೂ ನೀವು ಬೈದಿದ್ದೀರಿ. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋದ ಮೇಲೆ, ಅವರನ್ನು ಹುಡುಕುತ್ತ ಹೋದ ಹಾಗೆ, ಅವರ ಹಳೆಯ ಬದುಕು ಆ ಮಗನಿಗೆ ಬೇರೆಯವರ ಬಾಯಿಂದ ತಿಳಿಯುತ್ತದೆ. ಅದುವರೆಗೂ ಅಪ್ಪನನ್ನು ಅವನು ಏನೂ ಕೇಳಿರಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದೆ. ಬೈದರೆ ಅದು ಕೈತಪ್ಪಿ ಹೋಗುತ್ತದೆ.

ಈಗ ಆ ನಾಲ್ಕು ಸಾಲಿಗೆ ಬರುತ್ತೇನೆ. ರಾಮ್ ರೆಡ್ಡಿ ಅವರ ‘ತಿಥಿ’ಯನ್ನು (2015) ಅಜ್ಜಿಯ ಜೊತೆ ಕೂತು ನೋಡಿದ್ದೀರಿ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಜಮೀನು ಮಗ ಗಡ್ಡಪ್ಪನಿಗೆ ಬರಬೇಕು, ಗಡ್ಡಪ್ಪನಿಗೆ ಅದು ಬೇಕಿಲ್ಲ. ಮೊಮ್ಮಗ ತಮ್ಮಣ್ಣ ಆ ಜಮೀನಿಗಾಗಿ ಬದುಕಿರುವ ಅಪ್ಪನ ಹೆಸರಿನಲ್ಲೇ ಮರಣ ಪ್ರಮಾಣಪತ್ರ ಮಾಡಿಸಿ, ಅಪ್ಪನನ್ನು ಊರು ಬಿಡಿಸುತ್ತಾನೆ. ಇದನ್ನು ನೋಡಿ ನಿಮ್ಮ ಅಜ್ಜಿ, ‘ಆ ಗಡ್ಡಪ್ಪಂಗೇನು, ಬಿಟ್ಟು ಹೋಗ್ತಾನೆ. ನಾನು ಸೈನ್ ಹಾಕಿದ್ರೆ ನಾಳೆ ಇನ್ನೊಂದು ಲೋಟ ಕಾಫಿ ಕೇಳೋಕೂ ಯೋಚ್ನೆ ಮಾಡ್ಬೇಕು’ ಎಂದರಂತೆ. ಮಾವಿನ ತೋಪು ಇನ್ನೂ ಅವರ ಹೆಸರಿನಲ್ಲೇ ಇದೆ, ಹೂವು ಬಿಟ್ಟಾಗ ವ್ಯಾಪಾರಿ ಬಂದು ಮಾತಾಡುವುದೂ ಅವರ ಹತ್ತಿರವೇ ಎಂದು ಬರೆದಿದ್ದೀರಿ. ಅಷ್ಟರಲ್ಲೇ ಹೊಸ ಪ್ಯಾರಾ ಹಾಕಿ ‘ಮೌಲ್ಯಗಳ ಅಧಃಪತನ’ಕ್ಕೆ ಹೋಗಿಬಿಟ್ಟಿದ್ದೀರಿ!

ಲೇಖನ ಅಲ್ಲೇ ಶುರುವಾಗಬೇಕಿತ್ತು ತಂಗೀ. ಒಬ್ಬ ಮುದುಕ, ತನ್ನ ಅಪ್ಪ ಬಿಟ್ಟುಹೋದದ್ದು ತನಗೆ ಬೇಡವೆಂದು ನಡೆದುಬಿಡುತ್ತಾನೆ. ಒಬ್ಬ ಮುದುಕಿ ತನ್ನದನ್ನು ಭದ್ರವಾಗಿ ಹಿಡಿದುಕೊಂಡು ಮನೆಯಲ್ಲಿ ತನ್ನ ಜಾಗ ಉಳಿಸಿಕೊಂಡಿದ್ದಾಳೆ. ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ನಿಮ್ಮ ಲೇಖನದ ಹಿರಿಯರಿಗೆ ಮಾತ್ರ ಏನೂ ಬೇಕಿಲ್ಲ. ಅವರು ಪುಟದುದ್ದಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಾರೆ. ಪರದೆಯ ಮೇಲಿನ ಮುದುಕರನ್ನು ನೋಡುವಾಗ ಇವರಿಗೆ ಈಗ ಏನು ಬೇಕು, ಅದನ್ನು ಪಡೆಯಲು ಏನು ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಅದಕ್ಕೆ ಉತ್ತರವಿಲ್ಲದ ಚಿತ್ರ ಎಷ್ಟೇ ಅಳಿಸಿದರೂ ಮುಪ್ಪಿನ ಬಗ್ಗೆ ಹೆಚ್ಚೇನೂ ಹೇಳಿರುವುದಿಲ್ಲ. ತಮ್ಮಣ್ಣನ ಪಾಡನ್ನೂ ಬರೆಯಿರಿ. ಪೌತಿ ಖಾತೆಗಾಗಿ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ನಾಡಕಚೇರಿ ಸುತ್ತುವ ತಮ್ಮಣ್ಣಂದಿರು ಕೋಲಾರ ಜಿಲ್ಲೆಯ ಯಾವ ಹೋಬಳಿಯಲ್ಲಿಲ್ಲ? ಬೆಂಗಳೂರು ಬೆಳೆದು ಹತ್ತಿರ ಬಂದ ಹಾಗೆಲ್ಲ ಮನೆಯೊಳಗೆ ಜಮೀನು ಬರೆದುಕೊಡುವ ಆ ಸಹಿಯ ತೂಕ ಹೆಚ್ಚಿದೆ. ಇದನ್ನು ತುಮಕೂರಿನಲ್ಲಿ ಕೂತ ನನಗಿಂತ ನೀವು ಚೆನ್ನಾಗಿ ಬಲ್ಲಿರಿ.

ಹಿರಿಯರ ರಕ್ಷಣೆಗೆ ‘ಕಾನೂನು ಬರಬೇಕು’ ಎಂದು ಮುಗಿಸಿದ್ದೀರಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲೇ ಬಂದಿದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನವಾಗಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಅದರ 23ನೇ ಕಲಮಿನಡಿ ಆ ದಾನಪತ್ರವನ್ನೇ ರದ್ದು ಮಾಡಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಈ ವಿಷಯ ಅಜ್ಜಿಗೆ ಗೊತ್ತಿದೆಯೇ, ಗೊತ್ತಾದರೆ ಸಹಿ ಹಾಕುತ್ತಾರೆಯೇ? ಅವರ ಉತ್ತರ ಏನೇ ಇರಲಿ, ಲೇಖನಕ್ಕೆ ಬೇಕು.

ಇನ್ನೊಂದು ಮಾತು. ತೋಪಿನ ವಿಚಾರ ಅಚ್ಚಾದರೆ ಮನೆಯಲ್ಲಿ ಜಗಳವಾಗಬಹುದು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿ, ಅವರು ಬೇಡವೆಂದದ್ದನ್ನು ಬಿಡಿ. ಹದಿನೈದು ಚಿತ್ರಗಳ ಪಟ್ಟಿ ಬೇಡ, ಮೂರು ಸಾಕು. ‘ಸ್ಕೂಲ್ ಮಾಸ್ಟರ್’ ವರ್ಷವನ್ನು 1968 ಎಂದು ಹಾಕಿದ್ದೀರಿ, ತಿದ್ದಿಕೊಳ್ಳಿ. ಹೊಸ ಕರಡು ಬಂದ ತಕ್ಷಣ ನಾನೇ ಓದುತ್ತೇನೆ.