ಥೇಮ್ಸ್ ನೋಡಲು ಉಬ್ಬರದ ಹೊತ್ತಿಗೆ ಹೋಗಿ
ಊರಿನಿಂದ ಬಂದ ತಂದೆ ತಾಯಿಯನ್ನು ಲಂಡನ್ನಿನ ಬ್ಯಾಟರ್ಸಿ ಪಾರ್ಕಿಗೆ ಕರೆದೊಯ್ದರೆ ನದಿಯ ಬದಲು ಕೆಸರು ಕಂಡಿತು, ಯಾವಾಗಲೂ ಹೀಗೆಯೇ ಎಂದು ಕೇಳಿದ್ದೀರಿ. ಇಲ್ಲ, ನೀವು ಹೋದದ್ದು ಇಳಿತದ ಹೊತ್ತು. ಕಾವೇರಿ ದಡದಲ್ಲಿ ಬೆಳೆದ ನಮ್ಮ ಅತ್ತೆ ಅಲ್ಲಿ ಬುತ್ತಿ ಬಿಚ್ಚುತ್ತಾ "ಇದೇನಾ ನದಿ?" ಎಂದಾಗ ನನಗೂ ತುಂಬಾ ಬೇಸರವಾಗಿತ್ತು. ಸಮುದ್ರದ ಉಬ್ಬರವಿಳಿತ ಥೇಮ್ಸ್ ನದಿಯಲ್ಲಿ ಬ್ಯಾಟರ್ಸಿಯನ್ನೂ ದಾಟಿ, ಇನ್ನೂ ಮೇಲಿರುವ ಟೆಡ್ಡಿಂಗ್ಟನ್ ಒಡ್ಡಿನವರೆಗೂ ಬರುತ್ತದೆ. ಲಂಡನ್ ಸೇತುವೆಯ ಬಳಿ ನೀರು ಸುಮಾರು 7 ಮೀಟರ್‌ವರೆಗೆ ಏರಿಳಿಯುತ್ತದೆ. ಉಬ್ಬರ ದಿನಕ್ಕೆರಡು ಬಾರಿ, ಮರುದಿನ ಸುಮಾರು 50 ನಿಮಿಷ ತಡವಾಗಿ. ಹಾಗಾಗಿ ಹೊರಡುವ ದಿನದ ಉಬ್ಬರವಿಳಿತದ ವೇಳಾಪಟ್ಟಿಯನ್ನೇ ನೋಡಿ. ಹಿರಿಯರಿಗೆ ತುಂಬಿದ ನದಿಯನ್ನೇ ತೋರಿಸಬೇಕೆಂದರೆ ಕಿಂಗ್ಸ್ಟನ್‌ಗೆ ಹೋಗಿ. ಅದು ಟೆಡ್ಡಿಂಗ್ಟನ್ ಒಡ್ಡಿನ ಮೇಲ್ಭಾಗದಲ್ಲಿರುವುದರಿಂದ ನೀರು ಹಾಗೆ ಇಳಿಯುವುದಿಲ್ಲ, ಅಲ್ಲಿ ಹಂಸಗಳೂ ಇವೆ. ಆದರೆ ಬ್ಯಾಟರ್ಸಿಯನ್ನು ಕೈಬಿಡಬೇಡಿ. ನೀರು ತುಂಬಿದ ಸಂಜೆ ಆ ಪಾರ್ಕಿನಲ್ಲಿ 1985ರಲ್ಲಿ ಕಟ್ಟಿದ ಬೌದ್ಧ ಶಾಂತಿ ಪಗೋಡದ ಮೆಟ್ಟಿಲ ಬಳಿ ಅವರನ್ನು ಇನ್ನೊಮ್ಮೆ ನಿಲ್ಲಿಸಿ.