ಗೂನುಬೆನ್ನಿನ ಬಾಂಬರ್ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ.

ಎರಡನೇ ಮಹಾಯುದ್ಧದ ಇಟಾಲಿಯನ್ ಬಾಂಬರ್ ಸವೋಯಾ-ಮಾರ್ಕೆಟ್ಟಿ ಎಸ್‌ಎಂ.79 ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ, ಏಕೆಂದರೆ ಈ ವಿಮಾನದ ಹಿಂದೆ ಒಳ್ಳೆಯ ಕಥೆ ಇದೆ, ಅದು ನಿಮ್ಮ ಲೇಖನದೊಳಗೆ ಇನ್ನೂ ಬಂದಿಲ್ಲ.

ಮೊದಲ ಒಂದೂವರೆ ಪುಟ ಪೂರ್ತಿ ಅಂಕಿಗಳು. ರೆಕ್ಕೆಯ ಉದ್ದ, ತೂಕ, ಎಂಜಿನ್ನಿನ ಶಕ್ತಿ, ವೇಗ ಗಂಟೆಗೆ 430 ಕಿ.ಮೀ. ಓದುವವರಿಗೆ ಈ 430 ಜಾಸ್ತಿಯೋ ಕಡಿಮೆಯೋ ಹೇಗೆ ಗೊತ್ತಾಗಬೇಕು? 1937ರಲ್ಲಿ ಒಂದು ಬಾಂಬರ್‌ಗೆ ಅದು ಭಾರಿ ವೇಗ. ಆ ವರ್ಷ ಫ್ರಾನ್ಸಿನ ಇಸ್ತ್ರ್‌ನಿಂದ ಡಮಾಸ್ಕಸ್‌ಗೆ ಹೋಗಿ ಪ್ಯಾರಿಸ್‌ಗೆ ಬರುವ ರೇಸಿನಲ್ಲಿ ಮೊದಲ ಮೂರೂ ಸ್ಥಾನ ಈ ವಿಮಾನಕ್ಕೇ ಬಂದವು, ಮೂರನೆಯದರಲ್ಲಿ ಮುಸೊಲಿನಿಯ ಮಗ ಬ್ರೂನೊ ಇದ್ದ. 1940ಕ್ಕೆ ಬ್ರಿಟಿಷರ ಹರಿಕೇನ್ ಫೈಟರ್ ಗಂಟೆಗೆ 500 ಕಿ.ಮೀ. ದಾಟಿತ್ತು. ಮೂರು ವರ್ಷದ ಹಿಂದೆ ಕಾಪಾಡುತ್ತಿದ್ದ ವೇಗ ಈಗ ಸಾಲದೆ ಹೋಯಿತು. ಹೀಗೆ ಪಕ್ಕಪಕ್ಕ ಇಟ್ಟರೆ ಎರಡೇ ಅಂಕಿ ಸಾಕು, ಉಳಿದದ್ದನ್ನು ಒಂದು ಬಾಕ್ಸಿನಲ್ಲಿ ಹಾಕೋಣ.

ಒಂದು ತಪ್ಪೂ ಇದೆ. '1934ರ ಲಂಡನ್-ಮೆಲ್ಬರ್ನ್ ರೇಸ್ ಗೆದ್ದ ವಿಮಾನ' ಎಂದು ಬರೆದಿದ್ದೀರಿ. ಅಲೆಸ್ಸಾಂಡ್ರೊ ಮಾರ್ಕೆಟ್ಟಿ ಆ ರೇಸನ್ನು ಮನಸ್ಸಿನಲ್ಲಿಟ್ಟುಕೊಂಡು, ಎಂಟು ಜನ ಕೂರುವ ವೇಗದ ಪ್ರಯಾಣಿಕ ವಿಮಾನವಾಗಿ ಇದನ್ನು ರೂಪಿಸಿದ್ದು ನಿಜ. ಆದರೆ ತಯಾರಾಗುವಷ್ಟರಲ್ಲಿ ತಡವಾಗಿ, ರೇಸಿಗೆ ಹೋಗಲೇ ಇಲ್ಲ. ಗೆದ್ದದ್ದು ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಾಮೆಟ್.

ಇದನ್ನು ತಿದ್ದಿದರೆ ಲೇಖನಕ್ಕೇ ಲಾಭ. ಪ್ರಯಾಣಿಕರಿಗೆಂದು ಹುಟ್ಟಿದ್ದನ್ನು ಬಾಂಬರ್ ಮಾಡಲು ಹೋದದ್ದರಿಂದಲೇ ಅದಕ್ಕೆ ಆ ವಿಚಿತ್ರ ಆಕಾರ ಬಂತು. ಮೂತಿಯಲ್ಲಿ ಮೂರನೇ ಎಂಜಿನ್ ಕೂತಿತ್ತು, ಹಾಗಾಗಿ ಬೇರೆ ಬಾಂಬರ್‌ಗಳಲ್ಲಿ ಗುರಿ ನೋಡುವವನಿಗೆ ಇರುವ ಗಾಜಿನ ಮೂತಿಗೆ ಇಲ್ಲಿ ಜಾಗವಿರಲಿಲ್ಲ. ಹೊಟ್ಟೆಯ ಕೆಳಗೆ ತೊಟ್ಟಿಲಿನಂಥ ಒಂದು ಗೂಡು ಕಟ್ಟಿ ಅವನನ್ನು ಅಲ್ಲಿ ಕೂರಿಸಿದರು. ಮೆಷಿನ್‌ಗನ್‌ಗಳಿಗಾಗಿ ಬೆನ್ನಿನ ಮೇಲೆ ಡುಬ್ಬ ಎಬ್ಬಿಸಿದರು. ಬಾಂಬುಗಳನ್ನು ಒಳಗೆ ನೆಟ್ಟಗೆ ನಿಲ್ಲಿಸಿ ಇಡಬೇಕಾಯಿತು, ಬಿಟ್ಟಾಗ ಅವು ಮಗುಚಿಕೊಂಡು ಬೀಳುತ್ತಿದ್ದವು, ಗುರಿ ಕೆಡುತ್ತಿತ್ತು. ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಒಂದಷ್ಟು ತಗಡು, ಒಂದಷ್ಟು ಪ್ಲೈವುಡ್, ಒಂದಷ್ಟು ಬಟ್ಟೆ, ರೆಕ್ಕೆಯಂತೂ ಮರದ್ದು. ಇಟ್ಟ ಹೆಸರು ಸ್ಪಾರ್ವಿಯೆರೊ, ಅಂದರೆ ಗಿಡುಗ. ಅಡ್ಡಹೆಸರು ಗೊಬ್ಬೊ ಮಲೆಡೆಟ್ಟೊ, ನಮ್ಮ ಮಾತಿನಲ್ಲಿ ಹಾಳಾದ ಗೂನ. ಈ ಹೆಸರನ್ನು ನೀವು ಕೊನೆಯ ಪುಟದ ಮೂಲೆಗೆ ತಳ್ಳಿದ್ದೀರಿ. ಅಲ್ಲಿಂದಲೇ ಶುರು ಮಾಡಿ ನೋಡಿ.

ನನಗೆ ನಿಜವಾಗಿ ಬೇಸರ ತಂದದ್ದು ಬೇರೆ. 'ಸ್ಪೇನಿನ ಅಂತರ್ಯುದ್ಧದಲ್ಲಿ ಯಶಸ್ವಿಯಾಗಿ ಸೇವೆ ಸಲ್ಲಿಸಿತು, ಬಾರ್ಸಿಲೋನಾ ಮೇಲೆ ಬಾಂಬುಗಳು ಹಾಕಲ್ಪಟ್ಟವು' ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. 'ಹಾಕಲ್ಪಟ್ಟವು' ಅಂತ ನಾವ್ಯಾರೂ ಮಾತಾಡುವುದಿಲ್ಲ ಅಲ್ವಾ? ಅದು ಬರೀ ಭಾಷೆಯ ತೊಡಕಲ್ಲ, ಯಾರು ಹಾಕಿದರು ಎಂಬುದೇ ಅದರಲ್ಲಿ ಮುಚ್ಚಿಹೋಗುತ್ತದೆ. 1938ರ ಮಾರ್ಚ್ 16ರಿಂದ 18ರವರೆಗೆ ಮಯೋರ್ಕಾ ದ್ವೀಪದಿಂದ ಹೊರಟ ಇಟಲಿಯ ವಿಮಾನಗಳು ಆ ಊರಿನ ಮೇಲೆ ಮತ್ತೆ ಮತ್ತೆ ಬಾಂಬು ಹಾಕಿದವು. ಆಜ್ಞೆ ಮುಸೊಲಿನಿಯದು. ಸತ್ತವರು ಸುಮಾರು 1,000 ಜನ. ಅದೇ ವರ್ಷದ ಜನವರಿ 30ರಂದು ಇಟಲಿಯ ಬಾಂಬುಗಳಿಗೇ ಸಾನ್ ಫೆಲಿಪ್ ನೆರಿ ಚರ್ಚಿನಲ್ಲಿ 42 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಚರ್ಚಿನ ಗೋಡೆಯಲ್ಲಿ ಚೂರು ಬಡಿದ ಗುಳಿಗಳು ಈಗಲೂ ಹಾಗೇ ಇವೆ. ವಿಮಾನವನ್ನು ಇಷ್ಟಪಡುವುದು ತಪ್ಪಲ್ಲ, ನಿಮ್ಮ ಹುಚ್ಚು ನನಗೂ ಅರ್ಥವಾಗುತ್ತದೆ. ಆದರೆ ಇದನ್ನು ಒಂದು ಸಾಲಿನಲ್ಲಿ ಮುಗಿಸಿದ ಲೇಖನವನ್ನು ನಾನು ಹಾಕುವುದಿಲ್ಲ.

ಟಾರ್ಪಿಡೊ ಭಾಗ ಚೆನ್ನಾಗಿದೆ, ಅಲ್ಲಿ ನೀವು ಬಿಗಿ ಬಿಟ್ಟು ಬರೆದಿದ್ದೀರಿ. 1940ರ ಆಗಸ್ಟ್ 15ರ ರಾತ್ರಿ ಲಿಬಿಯಾದ ಎಲ್ ಅಡೆಮ್‌ನಿಂದ ಅಲೆಕ್ಸಾಂಡ್ರಿಯಾ ಬಂದರಿಗೆ ಹೊರಟ ಐದು ವಿಮಾನಗಳು ಒಂದು ಹಡಗಿಗೂ ಹೊಡೆಯಲಾಗದೆ ಹೋದದ್ದು, ತಿಂಗಳು ಕಳೆದ ಮೇಲೆ ಬ್ರಿಟಿಷ್ ಕ್ರೂಸರ್ ಕೆಂಟ್‌ಗೆ ಏಟು ಬಿದ್ದದ್ದು, ಎಲ್ಲ ಸರಿಯಾಗಿದೆ. ಮೇಲಿನಿಂದ ಬಾಂಬು ಹಾಕಿ ಓಡುವ ಹಡಗಿಗೆ ಗುರಿ ಇಡಲಾಗದ ವಿಮಾನ, ನೀರಿನ ಹತ್ತಿರಕ್ಕೆ ಇಳಿದು ನೇರವಾಗಿ ಹಡಗಿನ ಕಡೆಗೇ ನುಗ್ಗಿ ಟಾರ್ಪಿಡೊ ಬಿಡುವ ಕೆಲಸದಲ್ಲಿ ಹೆಸರು ಮಾಡಿತು. ಅಷ್ಟು ಹೊತ್ತು ಅದು ಹಡಗಿನ ಗನ್ನುಗಳ ಎದುರಿಗೇ ಇರುತ್ತಿತ್ತು. ಇದನ್ನು ಇನ್ನೊಂದಿಷ್ಟು ಬಿಡಿಸಿ.

ಕೆಂಟ್‌ಗೆ ಹೊಡೆದ ಪೈಲಟ್‌ಗಳಲ್ಲಿ ಒಬ್ಬನಾದ ಕಾರ್ಲೊ ಎಮಾನುಯೆಲೆ ಬುಸ್ಕಾಲ್ಯಾನ ಹೆಸರು ಒಂದೇ ಸಲ ಬರುತ್ತದೆ, ಆಮೇಲೆ ಅವನು ನಾಪತ್ತೆ. ಅವನನ್ನು ಬಿಡಬೇಡಿ. 1942ರ ನವೆಂಬರ್‌ನಲ್ಲಿ ಅಲ್ಜೀರಿಯಾದ ಬೂಜಿ ಹತ್ತಿರ ಅವನ ವಿಮಾನ ಉರುಳಿತು, ಇಟಲಿಯಲ್ಲಿ ಸತ್ತನೆಂದೇ ತಿಳಿದರು. ಅವನು ಸುಟ್ಟ ಗಾಯಗಳೊಂದಿಗೆ ಬದುಕಿದ್ದ, ಅಮೆರಿಕದಲ್ಲಿ ಯುದ್ಧಕೈದಿಯಾಗಿದ್ದ. 1943ರ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾಗಿ ದೇಶ ಎರಡಾದ ಮೇಲೆ, ಜರ್ಮನ್ನರ ಜೊತೆ ಉಳಿದ ಮುಸೊಲಿನಿಯ ಪಾಳಯ ಇದೇ ವಿಮಾನಗಳ ಟಾರ್ಪಿಡೊ ದಳಕ್ಕೆ ಸತ್ತ ವೀರನೆಂದು ಬುಸ್ಕಾಲ್ಯಾನ ಹೆಸರಿಟ್ಟಿತು. ಅವನೋ ವಾಪಸ್ ಬಂದು ಮಿತ್ರರಾಷ್ಟ್ರಗಳ ಕಡೆಯ ಇಟಾಲಿಯನ್ ವಾಯುಪಡೆಗೆ ಸೇರಿದ. 1944ರ ಆಗಸ್ಟ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ವಿಮಾನ ಏರಿಸುವಾಗ ಅಪಘಾತವಾಗಿ ಸತ್ತ. ನಿಮ್ಮ ಲೇಖನದ ಕೊನೆಯ ಭಾಗ ಇದು. ಈಗ ಅಲ್ಲಿರುವ 'ಹೀಗೆ ಈ ವಿಮಾನ ಇತಿಹಾಸದಲ್ಲಿ ಅಜರಾಮರವಾಯಿತು' ಎಂಬ ಸಾಲನ್ನು ತೆಗೆದುಬಿಡಿ.

ತಿದ್ದಿ ಮತ್ತೆ ನನಗೇ ಕಳಿಸಿ, ಸಾವಿರದ ಇನ್ನೂರು ಪದಕ್ಕಿಂತ ಜಾಸ್ತಿ ಬೇಡ. ಫೋಟೊ ಒಂದು ಸಾಕು. ಯುದ್ಧವಾದ ಮೇಲೆ ಲೆಬನಾನ್ ಕೊಂಡುಕೊಂಡ ಈ ವಿಮಾನಗಳಲ್ಲಿ ಎರಡು ಇಟಲಿಗೆ ಮರಳಿ ಬಂದು ಮ್ಯೂಸಿಯಂ ಸೇರಿವೆ, ಒಂದು ರೋಮ್ ಬಳಿಯ ವಿಗ್ನಾ ಡಿ ವಾಲೆಯಲ್ಲಿ, ಇನ್ನೊಂದು ಟ್ರೆಂಟೊದಲ್ಲಿ. ಅವುಗಳಲ್ಲಿ ಯಾವುದರದ್ದಾದರೂ ಆದೀತು, ಪಕ್ಕದಿಂದ ತೆಗೆದದ್ದಿರಲಿ, ಗೂನು ಕಾಣಬೇಕು.